ಕಡಲ ತಳದ ಕೊಡ

ನೀರಿನೊಳಗೆ ನಾನು ಮೊದಲ ಸಲ ಕಣ್ಣು ತೆರೆದದ್ದು ಅರವತ್ತು ದಾಟಿದ ಮೇಲೆ. ಈಜು ಬಾರದವಳು ಅಂತಲ್ಲ. ಇಂಗಳೇಶ್ವರದ ನಮ್ಮ ಹೊಲದ ಬಾವಿಗೆ ಅಪ್ಪ ನನ್ನನ್ನು ಸಣ್ಣವಳಿದ್ದಾಗಲೇ ಎತ್ತಿ ಒಗೆದಿದ್ದ. ಆದರೆ ಬಾವಿಯೊಳಗೆ ಕಣ್ಣು ತೆರೆದು ನೋಡುವುದಾದರೂ ಏನನ್ನು? ಮೇಲೆ ಹಸಿರು, ನಡುವೆ ಕಪ್ಪು, ತಳದಲ್ಲಿ ರಾಡಿ. ಅಲ್ಲಿ ಕೆಲಸ ಮಾಡುವುದು ಕೈ, ಕಣ್ಣಲ್ಲ.

ನನ್ನನ್ನು ಕೊಟ್ಟದ್ದೂ ಅದೇ ಊರಿನಲ್ಲಿ, ಸೋದರಮಾವನಿಗೆ. ಹಾಗಾಗಿ ಬಾವಿ ಬದಲಾಗಲಿಲ್ಲ. ಯಾರದಾದರೂ ಕೊಡ ಕೈ ಜಾರಿ ಬಿದ್ದರೆ ಮೊದಲು ಪಾತಾಳಗರಡಿ ಬಿಡುತ್ತಿದ್ದರು. ಹಗ್ಗದ ತುದಿಗೆ ಕಟ್ಟಿದ ಕಬ್ಬಿಣದ ಕೊಕ್ಕೆಗಳ ಗೊಂಚಲು ಅದು. ಅದಕ್ಕೂ ಸಿಗದಿದ್ದರೆ ನನ್ನನ್ನು ಕರೆಯುತ್ತಿದ್ದರು. ಸೀರೆ ಕಚ್ಚೆ ಹಾಕಿ, ಕಣ್ಣು ಮುಚ್ಚಿ ಇಳಿದು, ತಳದಲ್ಲಿ ಕೈಯಾಡಿಸಿ, ಕೊಡದ ಕೊರಳು ಸಿಕ್ಕ ಕೂಡಲೇ ಹಿಡಿದೆಳೆದು ಮೇಲೆ ಬರುತ್ತಿದ್ದೆ. ಬರಿಗೈಯಲ್ಲಿ ಬಂದರೆ ಮೆಟ್ಟಿಲ ಮೇಲೆ ಕೂತ ಹೆಂಗಸರು ಬಿಡುತ್ತಿರಲಿಲ್ಲ.

“ಏನ್ ತಂದಿ ಬೇ? ಕೈ ತೋರ್ಸು!”

“ಜಳಕಾ ಮಾಡಾಕ ಇಳದಿದ್ಯೋ, ಕೊಡ ತರಾಕ ಇಳದಿದ್ಯೋ?”

ಅದಕ್ಕೇ ನಾನು ಬರಿಗೈಯಲ್ಲಿ ಬಂದದ್ದು ಕಡಿಮೆ. ತಳದಲ್ಲಿ ಏನು ಸಿಕ್ಕರೂ ಹಿಡಿದು ಮೇಲೆ ತರುವುದು ನನ್ನ ಕೈಗೆ ಅಂಟಿದ ಚಾಳಿ. ಮುಂದೆ ಆದದ್ದಕ್ಕೆಲ್ಲ ಈ ಚಾಳಿಯೇ ಕಾರಣ, ಅದಕ್ಕೆ ಮೊದಲೇ ಹೇಳಿಬಿಟ್ಟೆ.

ಮುದ್ದೇಬಿಹಾಳಕ್ಕೆ ಕೊಟ್ಟ ಮಗಳ ಮಗಳು ಪ್ರತಿ ಬೇಸಿಗೆ ರಜೆಗೆ ನಮ್ಮ ಮನೆಗೆ ಬರುತ್ತಿದ್ದಳು. ಅವಳಿಗೆ ಈಜು ಕಲಿಸಿದವಳು ನಾನು. ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿ ನೂಕಿದೆ. ಆಮೇಲೆ ಒಂದು ದಿನ ಬುರುಡೆ ಬಿಚ್ಚಿಟ್ಟು ನೂಕಿದೆ. ಬಾಯಿಗೆ ಬಂದಂತೆ ಬೈಯುತ್ತ ಈಜಿದಳು. ಬೈದದ್ದಕ್ಕೆ ಮೇಲೆ ಬಂದ ಮೇಲೆ ಒಂದು ಏಟು ಕೊಟ್ಟೆ, ಈಜಿದ್ದಕ್ಕೆ ಒಂದು ಶೇಂಗಾದ ಉಂಡಿ ಕೊಟ್ಟೆ.

ಅವಳು ಬಸವನ ಬಾಗೇವಾಡಿಯಲ್ಲಿ ಓದು ಮುಗಿಸಿ, ಎಲ್ಲೆಲ್ಲೋ ತರಬೇತಿ ಪಡೆದು, ಅಂಡಮಾನಿನಲ್ಲಿ ಕೆಲಸಕ್ಕೆ ಸೇರಿದಳು. ಬೋಟಿನ ಕಂಪನಿ ಎಂದು ಫೋನಿನಲ್ಲಿ ಹೇಳಿದ್ದಳು. ಬೋಟಿನ ಕಂಪನಿ ಎಂದರೆ ಒಂದು ಮೇಜು, ಒಂದು ಫ್ಯಾನು, ಟಿಕೀಟು ಹರಿದು ಕೊಡುವ ಕೆಲಸ ಎಂದುಕೊಂಡು ಊರಲ್ಲೆಲ್ಲ ಹಾಗೇ ಹೇಳಿದ್ದೆ. ಹೋದ ವರ್ಷ ಚಳಿಗಾಲದಲ್ಲಿ ಅವಳೇ ಕರೆದಳು. ನನ್ನ ಜೊತೆ ನಾಲ್ಕು ದಿನ ಕಳೆದ ಹಾಗಾಗುತ್ತದೆ, ಸಮುದ್ರ ನೋಡಿದ ಹಾಗಾಗುತ್ತದೆ, ಬಾ ಎಂದಳು. ಗಂಡನನ್ನು ಕೇಳಿದೆ.

“ನೀ ಹೋಗು. ನಾ ಬಂದ್ರ ಎಮ್ಮಿ ಹಿಂಡಾವ್ರು ಯಾರು?” ಎಂದ. “ನೀರು ಬಿಟ್ರ ಅಲ್ಲೇನೈತಿ ನೋಡಾಕ?”

ಮಗಳು ಬೆಂಗಳೂರಿನ ತನಕ ಬಂದು ವಿಮಾನ ಹತ್ತಿಸಿದಳು. ಇಳಿದ ಮೇಲೆ ಒಂದು ಹಡಗು. ಹಡಗಿನಿಂದ ದ್ವೀಪಕ್ಕೆ ಇಳಿದು, ದಂಡೆಯ ಕಟ್ಟೆಯ ಮೇಲೆ ನಿಂತು ಮೊಮ್ಮಗಳನ್ನು ಹುಡುಕುತ್ತಿದ್ದೆ. ಎದುರಿಗೆ ಒಂದು ಸಣ್ಣ ದೋಣಿ. ಅದರ ಅಂಚಿನಲ್ಲಿ ದಪ್ಪನೆಯ ಗಂಡಸೊಬ್ಬ ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು, ನೀರಿಗೆ ಬೆನ್ನು ಮಾಡಿ ಕೂತಿದ್ದ. ಮೈಗೆ ಅಂಟಿದ ಕರಿ ರಬ್ಬರಿನ ಬಟ್ಟೆ ತೊಟ್ಟವರೊಬ್ಬರು ಬಂದು ಅವನ ಎದೆಗೆ ಕೈ ಕೊಟ್ಟು ನೂಕಿಬಿಟ್ಟರು. ಅವನು ಕಾಲು ಮೇಲಾಗಿ ಹಿಂದಕ್ಕೆ ಬಿದ್ದು ಮುಳುಗಿಹೋದ. ನಾನು “ಅಯ್ಯೋ, ಕೊಂದ್ರು!” ಎಂದು ಚೀರಿದೆ. ಕರಿ ಬಟ್ಟೆಯವರು ತಿರುಗಿ ನೋಡಿದರು. ನನ್ನ ಮೊಮ್ಮಗಳು.

“ಆಯಿ! ಬಂದ್ಯಾ?”

“ಮಂದೀನ ಸಮುದ್ರಕ್ಕ ನೂಕೂದು ನಿನ್ನ ನೌಕರಿ ಏನ?”

“ನೀ ನನ್ನ ಬಾವಿಗೆ ನೂಕಿದಿಲ್ಲೇನು? ನೀ ಪುಕ್ಕಟೆ ನೂಕಿದಿ, ನಾ ಪಗಾರ ತೊಗೊಂಡು ನೂಕ್ತೇನಿ.”

ಮುಳುಗಿದವನು ಅಷ್ಟರಲ್ಲಿ ಮೇಲೆದ್ದು ನನಗೆ ಕೈ ಬೀಸಿದ. ನಾನು ಬೀಸಲಿಲ್ಲ.

ಅವಳ ಕೆಲಸ ಜನರಿಗೆ ನೀರಿನಡಿ ಇಳಿಯಲು ಕಲಿಸುವುದು. ಅದು ಸಾಲದೆಂದು ಈ ಸಲ ನೀರಿನೊಳಗೆ ಫೋಟೋ ತೆಗೆಯುವುದನ್ನು ಕಲಿಸುವ ಒಂದು ತರಗತಿ ಅವಳ ಕೈಗೆ ಬಂದಿತ್ತು. ಸಿಲಿಂಡರ್ ಇಲ್ಲ. ಗಾಜಿನ ಮಾಸ್ಕು ಹಾಕಿ, ಉಸಿರು ಹಿಡಿದು, ಎರಡಾಳು ಆಳದ ನೀರಿನಲ್ಲಿ ಇಳಿದು ಹತ್ತುವುದು. ಅಲ್ಲಿಯವರೆಗೆ ಅದನ್ನು ಬೇರೊಬ್ಬ ಹಿರಿಯ ಕಲಿಸುತ್ತಿದ್ದ. ಕಂಪನಿಯ ಮಾಲೀಕ ಅವಳಿಗೆ ಷರತ್ತು ಹಾಕಿದ್ದ: ಮೂರು ಜನ ಕೂಡಬೇಕು, ಮೂವರೂ ಪಾಸಾಗಬೇಕು. ಹಾಗಾದರೆ ಮುಂದಿನ ತರಗತಿಗಳೆಲ್ಲ ಅವಳವು. ಇಲ್ಲದಿದ್ದರೆ ಮತ್ತೆ ಆ ಹಿರಿಯನಿಗೇ.

ಸೊಲ್ಲಾಪುರದ ಗಂಡ ಹೆಂಡತಿ ಇಬ್ಬರು ಬಂದಿದ್ದರು. ಮೂರನೆಯವನಿಗೆ ಜ್ವರ ಬಂದು ಅವನು ಊರು ಬಿಡಲೇ ಇಲ್ಲ. ಆ ಸುದ್ದಿ ಬಂದಾಗ ಮೊಮ್ಮಗಳು ಊಟಕ್ಕೆ ಕೂತಿದ್ದಳು. ನಾನು ತಂದ ಖಡಕ್ ರೊಟ್ಟಿ ಮುರಿಯುತ್ತಲೇ ಇದ್ದಳು, ತಿನ್ನಲಿಲ್ಲ. ಆಮೇಲೆ ತಲೆಯೆತ್ತಿ ನನ್ನನ್ನೇ ನೋಡತೊಡಗಿದಳು.

“ಹಂಗ್ಯಾಕ ನೋಡ್ತಿ?”

“ಆಯಿ, ನೀ ಕೂಡು.”

“ನಾಕನೇ ಇಯತ್ತಾ ಕಲ್ತಾಕಿ ನಾ. ಈ ವಯಸ್ಸಿನಾಗ ಸಾಲಿಗಿ ಹೋಗಲೇನು?”

“ಇಲ್ಲಿ ಬರಿಯೂದಿಲ್ಲ ಏನಿಲ್ಲ. ಉಸಿರು ಹಿಡಿಯೂದಷ್ಟ. ನಿನ್ನಂಗ ಉಸಿರು ಹಿಡಿಯಾವ್ರು ಈ ದ್ವೀಪದಾಗ ಯಾರೂ ಇಲ್ಲ.”

ಹೊಗಳಿಕೆ ಎಂದು ಗೊತ್ತಿದ್ದೂ ಒಪ್ಪಿಕೊಂಡೆ. ಮರುದಿನ ದ್ವೀಪದ ಡಾಕ್ಟರು ಎದೆ, ಕಿವಿ ಎಲ್ಲ ನೋಡಿ ಆಗಬಹುದು ಎಂದರು. ಮಾಲೀಕ ಅದಕ್ಕೂ ಒಪ್ಪದೆ, ದೋಣಿಯಿಂದ ದೂರದ ಕಂಬದ ತನಕ ಈಜಿ ಬರಲು ಹೇಳಿದ. ಹೋಗಿ ಬಂದೆ. ಅವನು ಹಿಂದಿಯಲ್ಲಿ “ಸರಿ” ಎಂದಷ್ಟೇ ಹೇಳಿ ಹೊರಟುಹೋದ.

ರಬ್ಬರಿನ ಬಟ್ಟೆ ತೊಡಲು ನಾನು ಸಾಕಷ್ಟು ಕೂಗಾಡಿದೆ. ತೊಟ್ಟ ಮೇಲೆ ನೋಡಿದರೆ ಸೀರೆಗಿಂತ ಹೆಚ್ಚು ಮೈ ಮುಚ್ಚಿತ್ತು. ಬಳೆ ತೆಗೆ ಎಂದಳು. ಗಾಜಿನ ಹಸಿರು ಬಳೆ, ಕೈ ದಪ್ಪಗಾಗಿದೆ, ಒಡೆಯದೆ ಬರುವುದಿಲ್ಲ. ಗಂಡ ಗಟ್ಟಿಮುಟ್ಟಾಗಿ ಎಮ್ಮೆ ಹಿಂಡುತ್ತಿರುವಾಗ ನಾನೇಕೆ ಬಳೆ ಒಡೆಯಲಿ? ಕೊನೆಗೆ ತೋಳಿನ ರಬ್ಬರನ್ನೇ ಬಳೆಯ ಮೇಲೆ ಎಳೆದು ಕೂರಿಸಿದಳು. ಅದಾದ ಮೇಲೆ ಸೊಂಟಕ್ಕೆ ಸೀಸದ ಗುಂಡು ಪೋಣಿಸಿದ ಪಟ್ಟಿ ತಂದಳು. ಉಪ್ಪು ನೀರು ಮನುಷ್ಯರನ್ನು ಮುಳುಗಲು ಬಿಡುವುದಿಲ್ಲವಂತೆ. ನಾನು ಅವಳ ಮುಖ ನೋಡಿದೆ. ನಮ್ಮ ಬಾವಿಯಲ್ಲಿ ಮುಳುಗಬಾರದೆಂದು ಬುರುಡೆ ಕಟ್ಟಿದೆವು. ಇಲ್ಲಿ ದೂರದೂರದಿಂದ ಬಂದು, ಮುಳುಗಲೆಂದು ಸೀಸ ಕಟ್ಟಿಸಿಕೊಳ್ಳುತ್ತಾರೆ.

ಮೊದಲ ದಿನ ನೀರಿಗೆ ಮುಖ ಇಟ್ಟೆ. ಅಭ್ಯಾಸದಂತೆ ಕಣ್ಣು ಮುಚ್ಚಿತ್ತು. ಮೊಮ್ಮಗಳು ಮಾಸ್ಕಿನ ಗಾಜಿಗೆ ಬೆರಳಿನಿಂದ ಟಕ್ ಟಕ್ ಬಡಿದಳು. ಕಣ್ಣು ತೆರೆದೆ.

ನನ್ನ ಕಾಲು ನನಗೆ ಕಂಡಿತು. ಕಾಲಿನ ಕೆಳಗೆ ಏನೂ ಇರಲಿಲ್ಲ. ಇನ್ನೂ ಕೆಳಗೆ, ಬಹಳ ಕೆಳಗೆ, ಬಿಳಿ ಉಸುಕು, ಅದರ ಮೇಲೆ ಓಡಾಡುವ ನನ್ನ ನೆರಳು. ಅಡ್ಡಗೋಡೆ ಇಲ್ಲದ ಮಾಳಿಗೆಯ ಅಂಚಿನಿಂದ ಬಿದ್ದೆ ಅನ್ನಿಸಿತು. ಐವತ್ತು ವರ್ಷ ಬಾವಿಗೆ ಹಾರಿದವಳು ನಾನು. ನನ್ನ ಕೆಳಗೆ ಎಷ್ಟು ಆಳ ಇದೆ ಎಂದು ಒಂದು ದಿನವೂ ನೋಡಿರಲಿಲ್ಲ. ಉಸಿರಾಡಲೆಂದು ಬಾಯಿಗೆ ಕಚ್ಚಿಸಿದ್ದ ಕೊಳವೆಯೊಳಗೇ ಚೀರಿದೆ, ಉಪ್ಪು ನೀರು ಕುಡಿದೆ, ಮೊಮ್ಮಗಳ ಕುತ್ತಿಗೆಗೆ ಜೋತುಬಿದ್ದೆ.

“ಬೀಳೂದಿಲ್ಲ ಆಯಿ, ನೀರು ಹಿಡಕೊಂಡೈತಿ.”

“ಹಿಡಕೊಂಡದ್ದು ಕಾಣವಲ್ದಲ್ಲ!”

ಸೊಲ್ಲಾಪುರದಾಕೆ ನಗುತ್ತಿದ್ದಳು. ಆಕೆ ಸಾಲೆಯ ಟೀಚರು. ಅವಳ ಗಂಡನಿಗೆ ಚಾದರ ಮಾರುವ ಅಂಗಡಿ. ಮನೆಯಲ್ಲಿ ಕನ್ನಡವನ್ನೇ ಆಡುವ ಮಂದಿ ಆದ್ದರಿಂದ ನನಗೆ ಮಾತಿಗೆ ತೊಂದರೆಯಾಗಲಿಲ್ಲ. “ನನಗೂ ಮೊದಲ ಹಿಂಗ ಆತ್ರಿ ಅವ್ವಾರ,” ಎಂದಳು. “ನಮ್ಮ ಮನಿಯವರು ಈಗೂ ಕಣ್ಣು ಮುಚ್ಚೇ ಫೋಟೋ ತಗೀತಾರ್ರಿ.”

ಕ್ಯಾಮೆರಾ ಸಾಬೂನಿನ ಡಬ್ಬಿಯಷ್ಟು. ಎಡಗೈ ಮಣಿಕಟ್ಟಿಗೆ ದಾರದಿಂದ ಕಟ್ಟಿಕೊಟ್ಟಳು. ದೂರದಿಂದ ತೆಗೆದರೆ ಬರೀ ನೀರೇ ಬರುತ್ತದೆ, ಹತ್ತಿರ ಹೋಗಬೇಕು. ಮೀನಿನ ಬೆನ್ನುಹತ್ತಬಾರದು, ಅದೇ ಬರುವ ತನಕ ಕಾಯಬೇಕು. ಮೇಲಿನಿಂದಲ್ಲ, ಅದರ ಮಟ್ಟಕ್ಕೆ ಇಳಿದು ತೆಗೆಯಬೇಕು. ಇಷ್ಟನ್ನು ದಂಡೆಯಲ್ಲೇ ಕೂಡಿಸಿ ಹೇಳಿದಳು. ಎಲ್ಲಕ್ಕಿಂತ ದೊಡ್ಡ ನೇಮ ಒಂದು: ಯಾವುದನ್ನೂ ಮುಟ್ಟಬಾರದು. ಹವಳವೂ ಒಂದು ಜೀವವಂತೆ, ಕಲ್ಲಲ್ಲವಂತೆ. ಜೀವವನ್ನಾಗಲಿ ಅದರ ಮನೆಯನ್ನಾಗಲಿ ಮುಟ್ಟಿದವರು ಆ ಕ್ಷಣಕ್ಕೇ ಫೇಲ್. ಮೀನು ಮುಟ್ಟಬಾರದು, ಹವಳ ಮುಟ್ಟಬಾರದು, ಕಲ್ಲು ಮುಟ್ಟಬಾರದು ಎಂದು ನನ್ನಿಂದ ಮತ್ತೆ ಮತ್ತೆ ಹೇಳಿಸಿದಳು. ನಾನು ಅವಳಿಗೆ ಮಗ್ಗಿ ಹೇಳಿಸಿದ ಹಾಗೆ.

ಮೊದಲ ದಿನದ ನನ್ನ ಫೋಟೋಗಳಲ್ಲಿ ನನ್ನ ಹೆಬ್ಬೆರಳಿತ್ತು, ಆಕಾಶವಿತ್ತು, ಸೊಲ್ಲಾಪುರದವನ ಹೊಟ್ಟೆಯಿತ್ತು. ಗುಂಡಿ ಒತ್ತುವುದು ನನ್ನಿಂದ ಆಗುವುದಿಲ್ಲ ಎಂದು ಮೊಮ್ಮಗಳು ಕ್ಯಾಮೆರಾ ತಾನೇ ತಾನಾಗಿ ಒಂದರ ಹಿಂದೆ ಒಂದು ತೆಗೆಯುತ್ತಿರುವ ಹಾಗೆ ಮಾಡಿಕೊಟ್ಟಳು. “ನೀ ಸುಮ್ನ ಮುಂದ ಹಿಡಿ, ಅದ ನೋಡ್ಕೊಳ್ತೈತಿ,” ಎಂದಳು.

ಎರಡನೆಯ ದಿನ ಹವಳದ ಗುಡ್ಡದ ಅಂಚಿಗೆ ಕರೆದೊಯ್ದಳು. ಅಲ್ಲೊಂದು ವಿಶೇಷ ಪ್ರಾಣಿ ಇದೆ, ಒಬ್ಬೊಬ್ಬರನ್ನಾಗಿ ಕರೆದು ತೋರಿಸುತ್ತೇನೆ, ಅಲ್ಲಿಯವರೆಗೆ ಮೇಲೆ ತೇಲುತ್ತಿರಿ ಎಂದಳು. ಮೊದಲು ಆ ಗಂಡ ಹೆಂಡತಿಯ ಮಾಸ್ಕು ಸರಿಪಡಿಸುತ್ತ ದೋಣಿಯ ಆಚೆ ಬದಿಗೆ ಹೋದಳು. ನಾನು ಮುಖ ನೀರಿನಲ್ಲಿಟ್ಟು ತೇಲುತ್ತಿದ್ದೆ. ಭಯ ಅಷ್ಟೊತ್ತಿಗೆ ಕಡಿಮೆಯಾಗಿತ್ತು. ಕೆಳಗೆ ನೋಡುತ್ತ ನೋಡುತ್ತ ಕಾಲು ಬಡಿಯುವುದನ್ನು ನಿಲ್ಲಿಸಿದೆ.

ತಳದಲ್ಲಿ ಒಂದು ಕೊಡ ಬಿದ್ದಿತ್ತು.

ನಮ್ಮ ಕಡೆ ಜರ್ಮನ್ ಕೊಡ ಎನ್ನುತ್ತೇವಲ್ಲ, ಆ ಅಲ್ಯೂಮಿನಿಯಮ್ಮಿನ ಕೊಡ. ಒಂದು ಮಗ್ಗುಲಾಗಿ, ಅರ್ಧ ಉಸುಕಿನಲ್ಲಿ ಹೂತು, ಬಾಯಿ ನನ್ನ ಕಡೆಗೆ. ಯಾವುದೋ ದೋಣಿಯವರು ಕುಡಿಯುವ ನೀರಿಗೆ ಇಟ್ಟುಕೊಂಡದ್ದು ಜಾರಿ ಬಿದ್ದಿರಬೇಕು. ಅಷ್ಟು ದೂರದ ಸಮುದ್ರದಲ್ಲಿ, ಹೆಸರು ತಿಳಿಯದ ಬಣ್ಣಬಣ್ಣದ ಜೀವಗಳ ನಡುವೆ, ನನಗೆ ಗುರುತಿದ್ದದ್ದು ಅದೊಂದೇ. ಅದು ಮೀನಲ್ಲ, ಹವಳವಲ್ಲ, ಕಲ್ಲಲ್ಲ. ಮನುಷ್ಯರ ಸಾಮಾನು. ಕೊಡ ಬಿದ್ದಿದ್ದರೆ ಎತ್ತಬೇಕು. ಇದಕ್ಕೆ ಯಾರನ್ನು ಕೇಳುವುದಿದೆ?

ಉಸಿರು ತುಂಬಿಕೊಂಡು ಇಳಿದೆ. ಸೀಸ ಸಲೀಸಾಗಿ ಎಳೆದುಕೊಂಡು ಹೋಯಿತು. ತಳಕ್ಕೆ ಹತ್ತಿರವಾದಂತೆ ಕಣ್ಣು ತಾನಾಗಿಯೇ ಮುಚ್ಚಿಕೊಂಡಿತು. ಎಡಗೈಯಲ್ಲಿ ಕ್ಯಾಮೆರಾ ಮುಂದಿತ್ತು, ಬಲಗೈ ಉಸುಕಿನ ಮೇಲೆ ಆಡಿತು. ಕೊಡದ ಬಾಯಿಗೆ ಸಣ್ಣ ಕಲ್ಲು, ಚಿಪ್ಪು ಒಟ್ಟಿದ್ದವು. ಅವನ್ನು ಆಚೆ ತಳ್ಳಿದೆ. ಕೊರಳು ಸಿಕ್ಕಿತು. ಹಿಡಿದೆಳೆದೆ.

ಕೊಡ ನನ್ನನ್ನು ತಿರುಗಿ ಎಳೆಯಿತು.

ಮೆತ್ತನೆಯದೊಂದು ನನ್ನ ಮಣಿಕಟ್ಟಿಗೆ ಸುತ್ತಿಕೊಂಡಿತು. ಹಸಿ ಕರುಳಿನ ಹಾಗೆ, ಅದರ ತುಂಬ ನೂರು ಸಣ್ಣ ಬಾಯಿಗಳು ಚೀಪಿದ ಹಾಗೆ. ಕೈ ಬಿಟ್ಟೆ. ಅದು ಬಿಡಲಿಲ್ಲ. ಬಾವಿಯಲ್ಲಿ ಹಾವು ಕಂಡವಳು ನಾನು, ಆದರೆ ಈ ಕೊಡಕ್ಕೆ ಹೆದರಿದ ಹಾಗೆ ಯಾವತ್ತೂ ಹೆದರಿಲ್ಲ. ಕೈ ಜಗ್ಗಿಕೊಂಡು ಮೇಲೆ ಬಂದಾಗ ಕಣ್ಣು ಇನ್ನೂ ಮುಚ್ಚೇ ಇತ್ತು. ತೆರೆದರೆ ಮೊಮ್ಮಗಳ ಮುಖ ಎದುರಿಗೆ. ಅವಳು ನನ್ನತ್ತ ನೋಡಲೂ ಇಲ್ಲ, ನೇರ ಕೆಳಗೆ ಹೋದಳು. ನಾನು ಮೇಲಿನಿಂದ ನೋಡಿದೆ. ಅವಳು ಕೊಡವನ್ನು ಮುಟ್ಟಲಿಲ್ಲ. ನಾನು ಚೆಲ್ಲಿದ ಕಲ್ಲು ಚಿಪ್ಪುಗಳನ್ನು ಒಂದೊಂದಾಗಿ ಕೊಡದ ಬಾಯಿಯ ಹತ್ತಿರ ಇಟ್ಟಳು. ಒಳಗಿನಿಂದ ಒಂದು ಕಂದು ಕೈ ಬಂದು ಒಂದು ಚಿಪ್ಪನ್ನು ಎಳೆದುಕೊಂಡಿತು.

ಆ ದಿನ ಉಳಿದವರಿಗೆ ಆ ಪ್ರಾಣಿಯನ್ನು ತೋರಿಸಲಿಲ್ಲ. ನೀರು ಕಲಕಿದೆ ಎಂದಳು.

ಸಂಜೆ ದಂಡೆಯ ಮೇಲೆ ಕೂತಾಗ ಹೇಳಿದಳು. ಅದು ಆಕ್ಟೋಪಸ್. ತತ್ತಿ ಇಟ್ಟಿರುವ ತಾಯಿ. ತತ್ತಿ ಒಡೆದು ಮರಿ ಹೋಗುವ ತನಕ ಆಕೆ ಹೊರಗೆ ಬರುವುದಿಲ್ಲ, ಏನೂ ತಿನ್ನುವುದಿಲ್ಲ. ಮರಿ ಹೋದ ಮೇಲೆ ಸಾಯುತ್ತಾಳೆ.

“ಹುಚ್ಚಿ ಅದಾಳ,” ಎಂದೆ. ನಾನು ಹೆತ್ತಾಗಲೆಲ್ಲ ಡಬ್ಬಿ ತುಂಬ ಅಂಟಿನ ಉಂಡಿ ತಿಂದು ಎದ್ದವಳು.

ಮೊಮ್ಮಗಳು ನಗಲಿಲ್ಲ. “ಆಯಿ, ನೀ ಮುಟ್ಟಿದಿ.”

“ಕೊಡ ಮುಟ್ಟೀನಿ. ಕೊಡ ಮುಟ್ಟಬ್ಯಾಡಂತ ನೀ ಹೇಳಿಲ್ಲ.”

“ಜೀವದ ಮನಿ ಮುಟ್ಟಬ್ಯಾಡಂತ ಹೇಳೀನಿ.”

“ಯಾರು ನೋಡ್ಯಾರ? ನೀ ನೋಡಿದಿ, ನಾ ಮಾಡೀನಿ. ಸೊಲ್ಲಾಪುರದವರು ಆ ಕಡಿಗಿದ್ರು. ನಾಳಿ ಮೂರೂ ಮಂದಿ ಪಾಸಂತ ಹೇಳು, ಮುಗೀತು. ನಿನ್ನ ಕೆಲಸ ನಿನಗ ಉಳಿತೈತಿ.”

ಅವಳು ಏನೂ ಹೇಳದೆ ಎದ್ದು ಕ್ಯಾಮೆರಾಗಳನ್ನು ಸಿಹಿ ನೀರಿನಲ್ಲಿ ತೊಳೆಯಲು ಹೋದಳು. ಸುಮ್ಮನಾದಳೆಂದರೆ ಒಪ್ಪಿದಳು ಎಂದುಕೊಂಡೆ. ಸಣ್ಣವಳಿದ್ದಾಗಲೂ ಹೀಗೇ ಅಂದುಕೊಂಡು ಮೋಸ ಹೋದದ್ದುಂಟು.

ಮೂರನೆಯ ದಿನ ಮಧ್ಯಾಹ್ನ ಕಂಪನಿಯ ಆಫೀಸಿನ ಹಿಂದಿನ ಕೋಣೆಯಲ್ಲಿ ಪರದೆ ಕಟ್ಟಿದ್ದರು. ಮಾಲೀಕ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಮೊದಲು ಸೊಲ್ಲಾಪುರದಾಕೆಯ ಫೋಟೋಗಳು. ಹಳದಿ ಮೀನೊಂದು ಆಕೆಯತ್ತಲೇ ನೋಡುತ್ತಿತ್ತು, ಚೆನ್ನಾಗಿತ್ತು. ಆಮೇಲೆ ಅವಳ ಗಂಡನದು, ಅವಕ್ಕೂ ಮಾಲೀಕ ತಲೆಯಾಡಿಸಿದ. ಇಬ್ಬರೂ ಪಾಸ್. ಆಮೇಲೆ ಮೊಮ್ಮಗಳು ಪರದೆಯ ಪಕ್ಕ ನಿಂತು ನನ್ನ ಫೋಟೋ ಹಾಕಿದಳು. ಒಂದೇ ಒಂದು.

ಪರದೆಯ ತುಂಬ ನನ್ನ ಕೈ. ರಬ್ಬರು ಮೇಲೆ ಸರಿದು ಎರಡು ಹಸಿರು ಬಳೆ ಹೊರಗೆ ಬಂದಿದ್ದವು. ಬೆರಳುಗಳು ಕೊಡದ ಕೊರಳನ್ನು ಗಟ್ಟಿಯಾಗಿ ಹಿಡಿದಿದ್ದವು. ಕೊಡದ ಒಳಗೆ, ಎಳೆ ಜೋಳದ ತೆನೆಗಳನ್ನು ತಲೆಕೆಳಗಾಗಿ ತೂಗುಬಿಟ್ಟ ಹಾಗೆ, ಬಿಳಿ ತತ್ತಿಗಳ ಗೊಂಚಲು. ಅವುಗಳ ಮುಂದೆ ಆಕೆ. ಒಂದು ಕೈ ನನ್ನ ಮಣಿಕಟ್ಟಿಗೆ, ಉಳಿದ ಕೈಗಳೆಲ್ಲ ಹಿಂದಕ್ಕೆ, ತತ್ತಿಗಳ ಮೇಲೆ. ಮತ್ತೆ ಒಂದು ಕಣ್ಣು. ನಾನು ಕಣ್ಣು ಮುಚ್ಚಿಕೊಂಡು ಮಾಡಿದ್ದನ್ನೆಲ್ಲ ಆ ಕಣ್ಣು ನೋಡುತ್ತಿತ್ತು.

ಕೈಗೆ ಸಿಕ್ಕಷ್ಟೇ ನೀರಿನಡಿ ಇರುವುದು ಎಂದು ತಿಳಿದವಳು ನಾನು. ಆ ಕೋಣೆಯಲ್ಲಿ, ಒಣ ಸೀರೆ ಉಟ್ಟು ಕೂತು, ನಾನು ಏನನ್ನು ಮುಟ್ಟಿದ್ದೆ ಎಂಬುದನ್ನು ಮೊದಲ ಸಲ ನೋಡಿದೆ. ಸೊಲ್ಲಾಪುರದಾಕೆ ನನ್ನ ಬಳೆ ನೋಡಿದಳು, ಪರದೆಯ ಬಳೆ ನೋಡಿದಳು, ಮೆಲ್ಲಗೆ ತಲೆ ತಗ್ಗಿಸಿದಳು.

“ಇದು ನಮ್ಮ ಆಯಿ ಕೈ,” ಎಂದಳು ಮೊಮ್ಮಗಳು. ಮೊದಲು ಹಿಂದಿಯಲ್ಲಿ, ಆಮೇಲೆ ನನಗೆ ತಿಳಿಯಲೆಂದು ಕನ್ನಡದಲ್ಲಿ. “ಮನಿ ಮುಟ್ಟ್ಯಾಳ. ಫೇಲ್.”

ಮಾಲೀಕ ಎದ್ದು ಪರದೆಯ ಹತ್ತಿರ ಹೋಗಿ ನೋಡಿದ. ಅವರ ಹಿಂದಿ ಮಾತನ್ನೆಲ್ಲ ಸೊಲ್ಲಾಪುರದಾಕೆ ನನ್ನ ಕಿವಿಯಲ್ಲಿ ಕನ್ನಡದಲ್ಲಿ ಹೇಳುತ್ತ ಹೋದಳು. ಇದನ್ನು ಅಳಿಸಬಹುದಿತ್ತಲ್ಲ ಎಂದು ಕೇಳಿದ. ಹೌದು ಎಂದಳು. ಮೂವರೂ ಪಾಸಾಗಬೇಕಿತ್ತು ಎಂದ. ಅದಕ್ಕೂ ಹೌದು ಎಂದಳು. ಆಡಿದ ಮಾತು ಬದಲಿಸುವವನಲ್ಲ ಅವನು. ಈ ಹಂಗಾಮಿನ ತರಗತಿಗಳು ಹಿರಿಯನಿಗೇ, ಬರುವ ವರ್ಷ ಮತ್ತೆ ಕೇಳು ಎಂದ. ಈ ಫೋಟೋ ನನಗೆ ಬೇಕು, ಇನ್ನು ಮೇಲೆ ಎಲ್ಲ ತರಗತಿಯೂ ಇದರಿಂದಲೇ ಶುರುವಾಗಲಿ ಎಂದೂ ಹೇಳಿದ. ಬಾಗಿಲ ಹತ್ತಿರ ನಿಂತು, ನಿನಗೆ ಇನ್ನೊಬ್ಬ ಅಜ್ಜಿ ಇದ್ದಾಳೆಯೇ ಎಂದು ಮೊಮ್ಮಗಳನ್ನು ಕೇಳಿದ.

“ಮುದ್ದೇಬಿಹಾಳದಾಗ ಅದಾಳ್ರಿ. ಅಕಿಗೆ ಈಜು ಬರೂದಿಲ್ಲ.”

“ಒಳ್ಳೆಯದಾಯಿತು,” ಎಂದು ಹೋದ.

ಹೊರಗೆ ಬಂದ ಮೇಲೆ ನನಗೆ ಸಿಟ್ಟು ನೆತ್ತಿಗೇರಿತು. “ಹೊಟ್ಟಿಪಾಡಿನ ಕೆಲಸ ಕಳಕೊಂಡೀ, ಒಂದು ಕೊಡದ ಸಲುವಾಗಿ! ಅಜ್ಜಿ ಅನ್ನೂ ಕಳಕಳಿ ಬ್ಯಾಡಾ?”

“ಬುರುಡಿ ಬಿಚ್ಚಿ ನೂಕಿದಾಗ ನಿನಗ ಮೊಮ್ಮಗಳು ಅನ್ನೂ ಕಳಕಳಿ ಇತ್ತೇನು?”

ಸಂಜೆ ಫೋನಿನಲ್ಲಿ ಗಂಡ ಕೇಳಿದ, “ಪಾಸಾದ್ಯಾ?”

“ನಪಾಸು.”

“ಯಾರು ಮಾಡಿದ್ರು?”

“ನಿಮ್ಮ ಮೊಮ್ಮಗಳು.”

ಅವನು ನಕ್ಕ ನಗೆಗೆ ಎಮ್ಮೆ ಬೆದರಿರಬೇಕು, ಕೊಟ್ಟಿಗೆಯಲ್ಲಿ ಬಕೀಟು ಉರುಳಿದ ಸದ್ದು ಕೇಳಿಸಿತು.

ಊರಿಗೆ ಹೊರಡುವ ದಿನ ಬೆಳಿಗ್ಗೆ ಇನ್ನೊಂದು ಸಲ ಅಲ್ಲಿಗೆ ಕರೆದುಕೊಂಡು ಹೋಗು ಎಂದೆ. ಅವಳು ದೋಣಿ ತೆಗೆದಳು. ಕ್ಯಾಮೆರಾ ಕೊಡಲಿಲ್ಲ. ನಾನೂ ಕೇಳಲಿಲ್ಲ. ಆಕೆ ಇನ್ನೂ ಅಲ್ಲಿದ್ದಾಳೋ, ನನ್ನ ಕೈ ತಾಗಿದ್ದಕ್ಕೆ ಬಿಟ್ಟು ಹೋದಳೋ, ಅದೊಂದು ತಿಳಿಯಬೇಕಿತ್ತು.

ಎರಡೂ ಕೈಯನ್ನು ಬೆನ್ನ ಹಿಂದೆ ಒಂದರೊಳಗೊಂದು ಹಿಡಿದುಕೊಂಡು ಇಳಿದೆ. ಸಾಲೆಯಲ್ಲಿ ತಪ್ಪು ಮಾಡಿದವರನ್ನು ನಿಲ್ಲಿಸುತ್ತಿದ್ದರಲ್ಲ, ಹಾಗೆ. ತಳ ಹತ್ತಿರವಾದಾಗ ರೆಪ್ಪೆ ಮುಚ್ಚಲು ನೋಡಿತು. ಬಿಡಲಿಲ್ಲ. ಕೊಡ ಇತ್ತು. ಬಾಯಿಗೆ ಕಲ್ಲು, ಚಿಪ್ಪು ಮೊದಲಿಗಿಂತ ಒತ್ತಾಗಿ ಕೂತಿದ್ದವು. ಒಂದು ಸಂದಿಯಲ್ಲಿ ಅದೇ ಕಣ್ಣು ಕಂಡಿತು. ನೋಡಿತು, ನೋಡಿದೆ. ಉಸಿರು ಸಾಲದಾದಾಗ ಕಾಲು ಬಡಿದು ಮೇಲೆ ಬಂದೆ.

ಮೊಮ್ಮಗಳು ದೋಣಿಯ ಅಂಚಿನಲ್ಲಿ ಬಗ್ಗಿ ಕಾಯುತ್ತಿದ್ದಳು.

“ಏನ್ ತಂದಿ ಬೇ? ಕೈ ತೋರ್ಸು.”

ನೀರಿನಿಂದ ಎರಡೂ ಅಂಗೈ ಮೇಲೆತ್ತಿ ತೋರಿಸಿದೆ. ಹಿಂದೆ ಮುಂದೆ ತಿರುಗಿಸಿ ನೋಡಿ, ಅದೇ ಕೈ ಹಿಡಿದು ಮೇಲಕ್ಕೆಳೆದುಕೊಂಡಳು.